ಮನೆ ನಕ್ಷೆಯ ತಂತ್ರಾಂಶ: ಹೆಸರಿಗಿಂತ ಕೆಲಸ ಮುಖ್ಯ

ಮನೆ ಕಟ್ಟುವುದು ಒಂದು ಕುಟುಂಬದ ಸಂಕಲ್ಪವಾದರೂ ಅದರಿಂದ ಬದುಕುವ ಉದ್ದಿಮೆಗಳು ಹತ್ತಾರು. ಸಿಮೆಂಟು, ಕಬ್ಬಿಣ, ಇಟ್ಟಿಗೆ, ಮರ, ಪ್ಲೈವುಡ್, ಗಾಜು, ಟೈಲ್ಸ್, ಗ್ರಾನೈಟ್, ಬಣ್ಣ, ವಿದ್ಯುತ್ ಸಾಮಗ್ರಿ, ನಲ್ಲಿ ಮತ್ತು ಪೈಪು ಮಾರುವ ವರ್ತಕರಿಂದ ಹಿಡಿದು ಬಾಗಿಲು, ಕಿಟಕಿ, ಗ್ರಿಲ್ಲು, ಸಿಮೆಂಟ್ ಇಟ್ಟಿಗೆ ತಯಾರಿಸುವ ಸಣ್ಣ ಉದ್ದಿಮೆದಾರರವರೆಗೆ ಎಲ್ಲರ ಲೆಕ್ಕವೂ ಕೊನೆಗೆ ಒಂದೇ ಹಾಳೆಯ ಮೇಲೆ ನಿಂತಿರುತ್ತದೆ. ಆ ಹಾಳೆಯೇ ಮನೆಯ ನಕ್ಷೆ. ನಕ್ಷೆ ತಪ್ಪಿದರೆ ಮಾಲು ತಪ್ಪುತ್ತದೆ. ಮಾಲು ತಪ್ಪಿದರೆ ಹಣವೂ ಗಿರಾಕಿಯ ವಿಶ್ವಾಸವೂ ಕೈತಪ್ಪುತ್ತವೆ.

ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳಲ್ಲಿ ಇಂದು ನಕ್ಷೆಯನ್ನು ಕೈಯಲ್ಲಿ ಬರೆಯುವವರು ವಿರಳ. ಕೆಲಸವೆಲ್ಲ ಗಣಕಯಂತ್ರಕ್ಕೆ ಸರಿದಿದೆ. ಆದ್ದರಿಂದ ಮಗನನ್ನು ತರಬೇತಿಗೆ ಕಳುಹಿಸುವ ವರ್ತಕನೂ, ಕಾರ್ಖಾನೆಗೆ ಹೊಸ ಗಣಕಯಂತ್ರ ತರಿಸುವ ಬಡಗಿಯೂ ಕೇಳುವ ಪ್ರಶ್ನೆ ಒಂದೇ: ಯಾವ ತಂತ್ರಾಂಶ ಕಲಿಯಬೇಕು? ಉತ್ತರವೂ ಬಹುಮಟ್ಟಿಗೆ ಸಿದ್ಧವಾಗಿರುತ್ತದೆ: ಆಟೋಕ್ಯಾಡ್. ಅದರ ಪ್ರತಿಯನ್ನು ಯಾರಿಂದಲೋ ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಳ್ಳುವುದು ಮುಂದಿನ ಹೆಜ್ಜೆ. ಈ ಪ್ರಶ್ನೆ, ಈ ಉತ್ತರ, ಈ ಹೆಜ್ಜೆ ಮೂರನ್ನೂ ಮರುಪರಿಶೀಲಿಸುವ ಕಾಲ ಬಂದಿದೆ.

ಹಲಗೆಯಿಂದ ಪರದೆಗೆ

ಅಳತೆಗೆ ಈ ಸೀಮೆ ಹೊಸದಲ್ಲ. ಕೃಷ್ಣರಾಜಪೇಟೆ ಪಟ್ಟಣದ ಸಮೀಪದಲ್ಲೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವು 13ನೇ ಶತಮಾನದ ಹೊಯ್ಸಳ ಶಿಲ್ಪಿಗಳ ಅಳತೆಯ ಶಿಸ್ತಿಗೆ ಸಾಕ್ಷಿಯಾಗಿ ನಿಂತಿದೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟೆಯ ನಕ್ಷೆಗಳೆಲ್ಲ ಹಲಗೆ, ಟೀ-ಸ್ಕ್ವೇರ್ ಮತ್ತು ಶಾಯಿಯಿಂದ ಮೂಡಿದವು. ಉಪಕರಣ ಬದಲಾಗುತ್ತದೆ; ಅಳತೆಯ ಜ್ಞಾನ ಬದಲಾಗುವುದಿಲ್ಲ ಎಂಬುದಕ್ಕೆ ಇವಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಮೆರಿಕದ ಆಟೋಡೆಸ್ಕ್ ಸಂಸ್ಥೆ 1982ರಲ್ಲಿ ಸ್ಥಾಪನೆಯಾಗಿ, ಅದೇ ವರ್ಷದ ಕೊನೆಯಲ್ಲಿ ಆಟೋಕ್ಯಾಡ್ ಅನ್ನು ಹೊರತಂದಿತು. ದೊಡ್ಡ ಯಂತ್ರಗಳಲ್ಲಿ ಮಾತ್ರ ಸಾಧ್ಯವಾಗಿದ್ದ ಕೆಲಸವನ್ನು ಮೇಜಿನ ಮೇಲಿನ ಗಣಕಯಂತ್ರಕ್ಕೆ ತಂದದ್ದು ಅದರ ಹೆಗ್ಗಳಿಕೆ. ಕ್ರಮೇಣ ಅದರ ‘ಡಿಡಬ್ಲ್ಯೂಜಿ’ ಕಡತವೇ ನಕ್ಷೆಯ ವ್ಯವಹಾರಭಾಷೆಯಾಯಿತು. ಇಂದಿಗೂ ಗುತ್ತಿಗೆದಾರ, ಎಂಜಿನಿಯರು, ಕಛೇರಿ ಎಲ್ಲರೂ ಕೇಳುವುದು ಅದನ್ನೇ. ಆಟೋಕ್ಯಾಡ್ ಕಲಿತವನಿಗೆ ಕೆಲಸ ಸಿಗುತ್ತದೆ ಎಂಬ ಮಾತಿನಲ್ಲಿ ಸತ್ಯಾಂಶವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ನಕ್ಷೆಗಾರನ ನೌಕರಿ ಬಯಸುವ ಯುವಕನ ಅಗತ್ಯವೂ, ಕಿಟಕಿ ತಯಾರಿಸುವ ಉದ್ದಿಮೆದಾರನ ಅಗತ್ಯವೂ ಒಂದೇ ಅಲ್ಲ. ಎಲ್ಲರಿಗೂ ಒಂದೇ ಔಷಧ ಹೇಳುವ ವೈದ್ಯನನ್ನು ಯಾರೂ ನಂಬುವುದಿಲ್ಲ. ತಂತ್ರಾಂಶದ ವಿಷಯದಲ್ಲಿ ಮಾತ್ರ ಅಂಥ ಸಲಹೆಯನ್ನು ಪ್ರಶ್ನಿಸದೆ ಒಪ್ಪಿಕೊಳ್ಳಲಾಗುತ್ತಿದೆ.

ನಷ್ಟ ಆಗುವುದು ಎಲ್ಲಿ?

ಮನೆ ಕಟ್ಟುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವಕ್ಕೆ ತಂತ್ರಾಂಶ ಕಾರಣವಲ್ಲ, ಅಳತೆಯ ಅರಿವಿನ ಕೊರತೆ ಕಾರಣ. ಮೂರು ಉದಾಹರಣೆಗಳನ್ನು ಗಮನಿಸಬಹುದು.

ಮೊದಲನೆಯದು ಮಾನದ ಗೊಂದಲ. ಕಛೇರಿಯ ಕಡತ ಮೀಟರಿನಲ್ಲಿ, ಮೇಸ್ತ್ರಿಯ ಟೇಪು ಅಡಿ–ಅಂಗುಲದಲ್ಲಿ. ಜನರ ಬಾಯಲ್ಲಿ ‘ಮೂವತ್ತು ನಲವತ್ತು’ ಎಂದಿರುವ ನಿವೇಶನ ಹಲವು ದಾಖಲೆಗಳಲ್ಲಿ 9 ಮೀಟರ್ × 12 ಮೀಟರ್ ಆಗಿರುತ್ತದೆ. ಇವೆರಡೂ ಒಂದೇ ಅಲ್ಲ. 30 × 40 ಅಡಿಯೆಂದರೆ 111.48 ಚದರ ಮೀಟರ್. 9 × 12 ಮೀಟರ್ ಎಂದರೆ 108 ಚದರ ಮೀಟರ್. ವ್ಯತ್ಯಾಸ ಸುಮಾರು 37 ಚದರ ಅಡಿ, ಅಂದರೆ ಒಂದು ಸ್ನಾನದ ಕೋಣೆಯಷ್ಟು ಜಾಗ. ಕ್ರಯಪತ್ರ ನೋಡದೆ ಬಾಯಿಮಾತಿನ ಅಳತೆಗೆ ನಕ್ಷೆ ಎಳೆದರೆ ಯಾವ ತಂತ್ರಾಂಶವೂ ಎಚ್ಚರಿಸುವುದಿಲ್ಲ.

ಎರಡನೆಯದು ಗೋಡೆಯ ದಪ್ಪ. ನಕ್ಷೆಯಲ್ಲಿ ಗೋಡೆಯನ್ನು ಅಭ್ಯಾಸಬಲದಿಂದ 9 ಅಂಗುಲ ಎಂದು ಎಳೆಯಲಾಗಿರುತ್ತದೆ. ಕಟ್ಟುವಾಗ ಮಾಲೀಕರು 6 ಅಂಗುಲದ ಸಿಮೆಂಟ್ ಇಟ್ಟಿಗೆ ತರಿಸುತ್ತಾರೆ. 20 ಅಡಿ ಅಗಲ, 30 ಅಡಿ ಉದ್ದದ ಮನೆಯಲ್ಲಿ ಉದ್ದಕ್ಕೆ ಮೂರು ಗೋಡೆಗಳಿದ್ದರೆ ಒಳಗಿನ ಅಗಲ 9 ಅಂಗುಲ ಹೆಚ್ಚುತ್ತದೆ. ಅಷ್ಟರಿಂದಲೇ ನೆಲದ ವಿಸ್ತೀರ್ಣ 20 ಚದರ ಅಡಿಗೂ ಮೀರಿ ಬೆಳೆಯುತ್ತದೆ. ಎರಡಡಿ ಚೌಕದ ಟೈಲ್ಸಿನ ಲೆಕ್ಕದಲ್ಲಿ ಅದು ಐದಕ್ಕೂ ಹೆಚ್ಚು. ಟೈಲ್ಸ್ ಅಂಗಡಿಗೆ ಗಿರಾಕಿ ಎರಡನೆಯ ಬಾರಿ ಬಂದಾಗ ಅದೇ ಬಣ್ಣದ, ಅದೇ ತಂಡದ ಮಾಲು ಸಿಗದೆ ಜಗಳವಾಗುವುದು ಹೀಗೆ.

ಮೂರನೆಯದು ಬಾಗಿಲು. ಮೂರೂವರೆ ಅಡಿ ಎಂದರೆ 1,066.8 ಮಿಲಿಮೀಟರ್. ನಕ್ಷೆಗಾರ ಅದನ್ನು 1,050 ಎಂದು ದುಂಡಾಗಿಸಿದರೆ ಮುಕ್ಕಾಲು ಅಂಗುಲಕ್ಕೆ ಸಮೀಪದ ಅಂತರ ಹುಟ್ಟುತ್ತದೆ. ಮರದ ಚೌಕಟ್ಟನ್ನು ಮೊದಲೇ ಮಾಡಿಟ್ಟ ಬಡಗಿ ಗೋಡೆಯನ್ನು ಒಡೆಸಬೇಕು, ಇಲ್ಲವೇ ಚೌಕಟ್ಟನ್ನು ಕೊಯ್ಯಬೇಕು. ಆಯ ನೋಡಿಸಿ ಅಂಗುಲದ ಲೆಕ್ಕದಲ್ಲಿ ಅಳತೆ ನಿಗದಿ ಮಾಡಿಸಿಕೊಂಡ ಮನೆಗಳಲ್ಲಂತೂ ಹೀಗೆ ದುಂಡಾಗಿಸುವುದನ್ನು ಮಾಲೀಕರು ಸಹಿಸುವುದಿಲ್ಲ.

ಈ ಮೂರೂ ಕಡೆ ಆಗುವ ನಷ್ಟ ದುಬಾರಿ ತಂತ್ರಾಂಶದಿಂದ ತಪ್ಪುವಂಥದ್ದಲ್ಲ. ನಕ್ಷೆ ಓದಬಲ್ಲ, ಅಳತೆ ಪ್ರಶ್ನಿಸಬಲ್ಲ ವ್ಯಕ್ತಿಯೊಬ್ಬ ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಇದ್ದರೆ ಮಾತ್ರ ತಪ್ಪುವಂಥದ್ದು.

ತಂತ್ರಾಂಶಗಳ ತುಲನೆ

ಹಾಗೆಂದು ತಂತ್ರಾಂಶದ ಆಯ್ಕೆ ಅಮುಖ್ಯವೆಂದಲ್ಲ. ಮಾರುಕಟ್ಟೆಯಲ್ಲಿರುವವನ್ನು ಕೆಲಸಕ್ಕೆ ತಕ್ಕಂತೆ ವಿಂಗಡಿಸಿ ನೋಡುವುದು ಲೇಸು.

ಕಛೇರಿಗೆ ಸಲ್ಲಿಸುವ ನಕ್ಷೆ, ಎಂಜಿನಿಯರರೊಡನೆ ನಿತ್ಯ ಕಡತಗಳ ವಿನಿಮಯ ಇರುವ ನಕ್ಷಾ ಕೇಂದ್ರಗಳಿಗೆ ಆಟೋಕ್ಯಾಡ್ ಅಥವಾ ಅದರ ಕಿರಿಯ ರೂಪವಾದ ಆಟೋಕ್ಯಾಡ್ ಎಲ್‌ಟಿ ಸೂಕ್ತ. ಎಲ್‌ಟಿ ಸಮತಲ ನಕ್ಷೆಗೆ ಸೀಮಿತ; ಘನಾಕೃತಿ ರಚನೆ ಅದರಲ್ಲಿಲ್ಲ. ಆದರೆ ಸಾಮಾನ್ಯ ವಾಸದ ಮನೆಯ ನಕ್ಷೆಗೆ ಸಮತಲವೇ ಸಾಕು. 2016ರಿಂದೀಚೆಗೆ ಆಟೋಡೆಸ್ಕ್ ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಹೊಸ ಪರವಾನಗಿಗಳ ಮಾರಾಟ ನಿಲ್ಲಿಸಿದೆ. ಅಂದಿನಿಂದ ಅದು ಬಾಡಿಗೆ ಅಂಗಡಿಯಂತೆ. ಚಂದಾ ನಿಂತರೆ ಕೆಲಸವೂ ನಿಲ್ಲುತ್ತದೆ. ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯೂಕ್ಯಾಡ್ ಮುಂತಾದವು ಅದೇ ಡಿಡಬ್ಲ್ಯೂಜಿ ಕಡತದಲ್ಲಿ ಕೆಲಸ ಮಾಡುತ್ತವೆ. ಅವುಗಳ ಆಜ್ಞೆಗಳೂ ಬಹುಪಾಲು ಆಟೋಕ್ಯಾಡ್‌ನಂತೆಯೇ ಇವೆ. ಬೆಲೆಯನ್ನೂ ಪರವಾನಗಿಯ ಬಗೆಯನ್ನೂ ವಿಚಾರಿಸಿ ನೋಡುವುದರಲ್ಲಿ ನಷ್ಟವಿಲ್ಲ.

ಗಿರಾಕಿಗೆ ಮನೆ ಹೇಗೆ ಕಾಣುವುದೆಂದು ತೋರಿಸಬೇಕಾದ ಅಡುಗೆಮನೆ ಕಪಾಟು, ಪೀಠೋಪಕರಣ, ಬಣ್ಣ, ಟೈಲ್ಸಿನ ವ್ಯಾಪಾರಿಗಳಿಗೆ ಸ್ಕೆಚಪ್ ಸುಲಭ. 2000ದಲ್ಲಿ ಹೊರಬಂದ ಇದು 2006ರಲ್ಲಿ ಗೂಗಲ್ ಸಂಸ್ಥೆಯ ಕೈಸೇರಿ, 2012ರಲ್ಲಿ ಟ್ರಿಂಬಲ್ ಸಂಸ್ಥೆಗೆ ಹೋಯಿತು. ಇದರ ಉಚಿತ ಆವೃತ್ತಿ ಸ್ವಂತ ಬಳಕೆಗಷ್ಟೇ ಮೀಸಲು, ವ್ಯಾಪಾರಕ್ಕೆ ಅಲ್ಲ ಎಂಬುದನ್ನು ಹಲವರು ಗಮನಿಸುವುದಿಲ್ಲ. ಇದೇ ಕೆಲಸವನ್ನು ಇನ್ನಷ್ಟು ಸರಳವಾಗಿ ಮಾಡುವ ಸ್ವೀಟ್ ಹೋಮ್ 3ಡಿ ಮುಕ್ತ ತಂತ್ರಾಂಶವಾಗಿದ್ದು, ಅದನ್ನು ಅಂಗಡಿಯಲ್ಲಿ ಬಳಸಲು ಅಡ್ಡಿಯಿಲ್ಲ. ಒಂದು ಕಡೆ ಗೋಡೆ ಎಳೆದಂತೆ ಇನ್ನೊಂದು ಕಡೆ ಕೋಣೆ ಎದ್ದು ನಿಲ್ಲುತ್ತದೆ. ಗಣಕಯಂತ್ರ ಹೊಸದಾಗಿ ಮುಟ್ಟಿದವರಿಗೂ ಇದು ಬೇಗ ಒಗ್ಗುತ್ತದೆ. ಆದರೆ ಕಟ್ಟಡದ ಕಬ್ಬಿಣ, ಪಾಯದ ವಿವರಗಳಿಗೆ ಇದು ಸಲ್ಲದು.

ಸಮತಲ ನಕ್ಷೆಯನ್ನು ಖರ್ಚಿಲ್ಲದೆ ಎಳೆಯಬಯಸುವವರಿಗೆ ಲಿಬ್ರೆಕ್ಯಾಡ್ ಇದೆ. ಮುಕ್ತ ತಂತ್ರಾಂಶವಾದ ಇದು ಹಳೆಯ ಗಣಕಯಂತ್ರದಲ್ಲೂ ನಡೆಯುತ್ತದೆ. ಇದರ ಸ್ವಂತ ಭಾಷೆ ‘ಡಿಎಕ್ಸ್‌ಎಫ್’. ಡಿಡಬ್ಲ್ಯೂಜಿ ಕಡತಗಳನ್ನು ತೆರೆಯುವಲ್ಲಿ ಇದಕ್ಕೆ ಮಿತಿಯಿದೆ. ಗ್ರಿಲ್ಲು ಹಾಗೂ ಮರದ ಕೆತ್ತನೆಗೆ ಬಳಸುವ ಗಣಕಚಾಲಿತ ಯಂತ್ರಗಳು ಬಹುಮಟ್ಟಿಗೆ ಡಿಎಕ್ಸ್‌ಎಫ್ ಅನ್ನೇ ಒಪ್ಪುವುದರಿಂದ ಸಣ್ಣ ಕಾರ್ಖಾನೆಗಳಿಗೆ ಇದು ಉಪಯುಕ್ತ.

ಬಾಗಿಲು, ಕಿಟಕಿ, ಕಪಾಟುಗಳನ್ನು ಬೇರೆ ಬೇರೆ ಅಳತೆಗಳಲ್ಲಿ ಮತ್ತೆ ಮತ್ತೆ ತಯಾರಿಸುವವರು ಫ್ರೀಕ್ಯಾಡ್ ಕಡೆ ನೋಡಬೇಕು. 2002ರಿಂದ ಬೆಳೆಯುತ್ತ ಬಂದ ಈ ಮುಕ್ತ ತಂತ್ರಾಂಶದ 1.0 ಆವೃತ್ತಿ 2024ರ ನವೆಂಬರಿನಲ್ಲಿ ಹೊರಬಂದಿತು. ಇದರಲ್ಲಿ ಅಳತೆಯನ್ನು ಒಂದು ಕೋಷ್ಟಕದಲ್ಲಿ ಬರೆದಿಡಬಹುದು. ಸರಿಯಾಗಿ ಕಟ್ಟಿದ ಮಾದರಿಯಲ್ಲಿ ಕಿಟಕಿಯ ಅಗಲ ಬದಲಿಸಿದರೆ ಚೌಕಟ್ಟು, ಪಟ್ಟಿ, ಗಾಜು ಎಲ್ಲವೂ ತಾವಾಗಿ ಬದಲಾಗುತ್ತವೆ. ಕಲಿಕೆ ಮಾತ್ರ ಕಠಿಣ, ತಾಳ್ಮೆ ಬೇಕು.

ಒಟ್ಟಿನಲ್ಲಿ, ನಕ್ಷಾ ಕೇಂದ್ರಕ್ಕೆ ಒಂದು, ಅಂಗಡಿಗೆ ಒಂದು, ಕಾರ್ಖಾನೆಗೆ ಒಂದು. ಹೆಸರು ಕೇಳಿ ಆರಿಸುವ ಬದಲು ಕೆಲಸ ನೋಡಿ ಆರಿಸಬೇಕು.

ನಕಲಿ ಪ್ರತಿಯ ಅಸಲಿ ಬೆಲೆ

ನಕಲಿ ಪ್ರತಿ ಪುಕ್ಕಟೆ ಎಂಬುದು ಭ್ರಮೆ. 1957ರ ಕೃತಿಸ್ವಾಮ್ಯ ಕಾಯಿದೆಯ 63-ಬಿ ಪ್ರಕರಣದಂತೆ, ನಕಲಿಯೆಂದು ತಿಳಿದೂ ಗಣಕ ತಂತ್ರಾಂಶವನ್ನು ಬಳಸುವವರಿಗೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗಿನ ದಂಡ ವಿಧಿಸಬಹುದು. ವ್ಯಾಪಾರದ ಲಾಭಕ್ಕಾಗಿ ಬಳಸಿಲ್ಲವೆಂದು ತೋರಿಸಿದರೆ ರಿಯಾಯಿತಿ ಉಂಟು; ಅಂಗಡಿ ನಡೆಸುವವರಿಗೆ ಆ ದಾರಿ ಮುಚ್ಚಿದಂತೆಯೇ. ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಗುವ ಶೈಕ್ಷಣಿಕ ಪರವಾನಗಿಯಲ್ಲಿ ಹಣ ಪಡೆದು ನಕ್ಷೆ ಮಾಡಿಕೊಡುವುದೂ ನಿಯಮಬಾಹಿರ.

ಕಾನೂನಿನ ಭಯ ಬದಿಗಿರಲಿ, ವ್ಯಾಪಾರದ ದೃಷ್ಟಿಯಿಂದಲೂ ಇದು ಲಾಭದ ಮಾತಲ್ಲ. ಪರವಾನಗಿ ಮುರಿದು ತಂದ ಪ್ರತಿಯೊಡನೆ ವೈರಸ್ ಬರುವ ಅಪಾಯವಿದೆ. ಅದೇ ಗಣಕಯಂತ್ರದಲ್ಲಿ ಗಿರಾಕಿಗಳ ಬಾಕಿ ಲೆಕ್ಕವೂ ಬ್ಯಾಂಕಿನ ವ್ಯವಹಾರವೂ ಇರುತ್ತವೆ. ಜಿಎಸ್‌ಟಿ ನೋಂದಣಿಯುಳ್ಳವರು ಬಿಲ್ಲು ಪಡೆದು ಕೊಂಡ ತಂತ್ರಾಂಶದ ಮೇಲಿನ ತೆರಿಗೆಯನ್ನು ನಿಯಮಾನುಸಾರ ಜಮೆ ಪಡೆಯಬಹುದು. ನಕಲಿ ಪ್ರತಿಗೆ ಬಿಲ್ಲೇ ಇಲ್ಲ. ಕಲ್ಲು ಬೆರೆಸಿದ ಬೇಳೆಯನ್ನು ಮಾರಲು ಒಪ್ಪದ ವರ್ತಕರು ಕದ್ದ ತಂತ್ರಾಂಶದಲ್ಲಿ ವ್ಯಾಪಾರ ಮಾಡುವುದನ್ನು ಏಕೆ ಒಪ್ಪಬೇಕು? ಅದರಲ್ಲೂ ಮುಕ್ತ ತಂತ್ರಾಂಶಗಳು ನ್ಯಾಯವಾಗಿಯೇ ದೊರೆಯುವಾಗ ‘ಬೇರೆ ದಾರಿಯಿಲ್ಲ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಕಡತದ ಒಡೆತನ

ತುಲನೆ ಮಾಡುವವರು ಸಾಮಾನ್ಯವಾಗಿ ಮರೆಯುವ ಅಂಶವೊಂದಿದೆ. ಅದು ಕಡತದ ಒಡೆತನ. ಡ್ರಾಫ್ಟ್‌ಸೈಟ್ ಎಂಬ ತಂತ್ರಾಂಶ 2011ರಲ್ಲಿ ಉಚಿತವಾಗಿ ಬಂದು ಬಹಳ ಜನಪ್ರಿಯವಾಯಿತು. 2019ರ ಅಂತ್ಯಕ್ಕೆ ಅದರ ಉಚಿತ ಆವೃತ್ತಿ ನಿಂತಿತು. ಸ್ಕೆಚಪ್‌ನ ‘ಮೇಕ್’ ಎಂಬ ಉಚಿತ ಆವೃತ್ತಿ 2017ರ ನಂತರ ಮುಂದುವರಿಯಲಿಲ್ಲ. ಸಂಸ್ಥೆಗಳು ತಮ್ಮ ವ್ಯಾಪಾರಕ್ಕೆ ತಕ್ಕಂತೆ ನಡೆಯುತ್ತವೆ. ಅದರಲ್ಲಿ ದೂರಲು ಏನೂ ಇಲ್ಲ. ‘ಉಚಿತ’ ಎಂಬುದಕ್ಕೂ ‘ಮುಕ್ತ’ ಎಂಬುದಕ್ಕೂ ಇರುವ ಅಂತರವನ್ನು ಬಳಕೆದಾರರು ತಿಳಿದಿರಬೇಕು, ಅಷ್ಟೇ. ಉಚಿತವಾದದ್ದನ್ನು ಕೊಟ್ಟವರು ಹಿಂಪಡೆಯಬಹುದು. ಮುಕ್ತ ತಂತ್ರಾಂಶದ ಮೂಲ ಸಂಕೇತ ಎಲ್ಲರ ಕೈಯಲ್ಲಿರುವುದರಿಂದ ಒಬ್ಬರು ಕೈಬಿಟ್ಟರೂ ಇನ್ನೊಬ್ಬರು ಮುಂದುವರಿಸಬಹುದು. ಕ್ಯೂಕ್ಯಾಡ್‌ನ ಮುಕ್ತ ಆವೃತ್ತಿಯಿಂದ ಕವಲೊಡೆದು ಲಿಬ್ರೆಕ್ಯಾಡ್ ಹುಟ್ಟಿದ್ದೇ ಹಾಗೆ.

ಮನೆಯ ಬಾಳಿಕೆ ಐವತ್ತು ವರ್ಷ. ತಂತ್ರಾಂಶದ ಬಾಳಿಕೆ ಅಷ್ಟಿಲ್ಲ. ಮೇಲಂತಸ್ತು ಕಟ್ಟಲು ಹತ್ತು ವರ್ಷಗಳ ನಂತರ ಬರುವ ಗಿರಾಕಿಗೆ ಹಳೆಯ ನಕ್ಷೆ ತೆರೆದು ತೋರಿಸಲಾಗಬೇಕು. ಆದ್ದರಿಂದ ಯಾವ ತಂತ್ರಾಂಶ ಬಳಸಿದರೂ ಪ್ರತಿ ಕೆಲಸ ಮುಗಿದಾಗ ಮೂಲ ಕಡತದೊಡನೆ ಒಂದು ಡಿಎಕ್ಸ್‌ಎಫ್, ಒಂದು ಪಿಡಿಎಫ್ ಪ್ರತಿಯನ್ನೂ ತೆಗೆದಿಡುವ ಶಿಸ್ತು ರೂಢಿಯಾಗಬೇಕು. ನಕ್ಷೆಗೆ ಹಣ ಕೊಟ್ಟ ಮಾಲೀಕರೂ ಬರಿಯ ಕಾಗದಕ್ಕೆ ತೃಪ್ತರಾಗದೆ ಈ ಕಡತಗಳನ್ನು ಕೇಳಿ ಪಡೆಯಬೇಕು.

ಕಲಿಕೆಯ ಕ್ರಮ

ತರಬೇತಿ ಕೇಂದ್ರಗಳಲ್ಲಿ ಮೊದಲ ದಿನವೇ ಆಜ್ಞೆಗಳ ಪಟ್ಟಿ ಕೈಗೆ ಬರುವುದುಂಟು. ಆಜ್ಞೆ ಬಾಯಿಪಾಠವಾಗುತ್ತದೆ, ಮನೆ ಅರ್ಥವಾಗುವುದಿಲ್ಲ. ಕ್ರಮ ತಲೆಕೆಳಗಾಗಬೇಕು. ಮೊದಲು ತಮ್ಮ ಮನೆಯನ್ನೇ ಟೇಪು ಹಿಡಿದು ಅಳೆದು, ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು. ಗೋಡೆಯ ದಪ್ಪ, ಬಾಗಿಲು ತೆರೆಯುವ ದಿಕ್ಕು, ಮೆಟ್ಟಿಲಿನ ಎತ್ತರ ಕಣ್ಣಿಗೆ ಬೀಳುವುದು ಆಗಲೇ. ಬಳಿಕ ಬೇರೆಯವರು ಬರೆದ ನಕ್ಷೆಯನ್ನು ಓದಲು ಕಲಿಯಬೇಕು. ಕಟ್ಟಡ ನಕ್ಷೆಗಳ ರೀತಿ–ನೀತಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 962 ಎಂಬ ಸಂಹಿತೆಯೇ ಇದೆ. ಪರದೆಯ ಮುಂದೆ ಕೂರುವುದು ಮೂರನೆಯ ಹೆಜ್ಜೆ.

ಅಲ್ಲಿ ಕಲಿಯಬೇಕಾದ ಮೂಲತತ್ವಗಳೂ ಹೆಚ್ಚಿಲ್ಲ. ನಿಜವಾದ ಅಳತೆಯಲ್ಲೇ ಎಳೆದು, ಮುದ್ರಿಸುವಾಗ ಮಾತ್ರ ಪ್ರಮಾಣ ಕುಗ್ಗಿಸುವುದು. ಗೋಡೆ, ನೀರಿನ ಪೈಪು, ವಿದ್ಯುತ್ತು, ಅಳತೆಗಳನ್ನು ಬೇರೆ ಬೇರೆ ಪದರಗಳಲ್ಲಿ ಇಡುವುದು. ಒಂದೇ ಬಗೆಯ ಕಿಟಕಿ–ಬಾಗಿಲುಗಳನ್ನು ಒಂದೇ ತುಣುಕಾಗಿ ಮಾಡಿ ಮರುಬಳಸುವುದು. ಕಡತದ ಮಾನ ಯಾವುದೆಂದು ಮೊದಲೇ ನಿಗದಿಪಡಿಸುವುದು. ಅಂಗುಲದಲ್ಲಿ ಎಳೆದ ಕಡತವನ್ನು ಯಂತ್ರವು ಮಿಲಿಮೀಟರ್ ಎಂದು ಓದಿದರೆ ವಸ್ತು 25.4 ಪಟ್ಟು ಚಿಕ್ಕದಾಗುತ್ತದೆ ಎಂಬುದನ್ನು ಪ್ರತಿಯೊಬ್ಬ ಕಲಿಕೆದಾರನೂ ಒಮ್ಮೆ ಕಣ್ಣಾರೆ ಕಾಣಬೇಕು. ಈ ತತ್ವಗಳನ್ನು ಒಂದು ತಂತ್ರಾಂಶದಲ್ಲಿ ಅರಿತವರು ಇನ್ನೊಂದಕ್ಕೆ ಹೋಗುವುದು ಎತ್ತಿನಗಾಡಿ ಬದಲಿಸಿದಷ್ಟೇ ಸಲೀಸು, ಹಾದಿ ಗೊತ್ತಿದ್ದರಾಯಿತು.

ತಂತ್ರಾಂಶ ಕಲಿತ ಮಾತ್ರಕ್ಕೆ ‘ಆರ್ಕಿಟೆಕ್ಟ್’ ಎಂಬ ಫಲಕ ಹಾಕುವಂತಿಲ್ಲ ಎಂಬುದನ್ನೂ ಹೇಳಿಕೊಡಬೇಕು. 1972ರ ಆರ್ಕಿಟೆಕ್ಟ್ಸ್ ಕಾಯಿದೆಯಂತೆ ಆ ಬಿರುದು ನೋಂದಾಯಿತರಿಗೆ ಮಾತ್ರ ಸಲ್ಲುತ್ತದೆ. ಕಟ್ಟಡದ ಭದ್ರತೆಯ ಲೆಕ್ಕ ಎಂಜಿನಿಯರರ ಹೊಣೆ. ನಕ್ಷೆ ಎಳೆಯುವ ಕೌಶಲ ಅವರಿಗೆ ನೆರವಾಗುವುದೇ ಹೊರತು ಅವರ ಸ್ಥಾನ ತುಂಬುವುದಿಲ್ಲ.

ಒಂದು ಮನೆಯ ಪರೀಕ್ಷೆ

ಮಾರಾಟಗಾರರ ಮಾತು ಕೇಳಿ, ಅಂತರ್ಜಾಲದ ದೃಶ್ಯಗಳನ್ನು ನೋಡಿ ತುಲನೆ ಮಾಡುವುದಕ್ಕಿಂತ ಸರಳವಾದ ವಿಧಾನವಿದೆ. ಈಗಾಗಲೇ ಕಟ್ಟಿ ಮುಗಿದ, ಅಳತೆ ಖಚಿತವಾಗಿ ಗೊತ್ತಿರುವ ಒಂದು ಮನೆಯನ್ನು ಆರಿಸಿ, ಅದನ್ನು ಎರಡು ತಂತ್ರಾಂಶಗಳಲ್ಲಿ ಎಳೆದು ನೋಡುವುದು. ಬಹುತೇಕ ಸಂಸ್ಥೆಗಳು ಕೆಲದಿನಗಳ ಪ್ರಾಯೋಗಿಕ ಆವೃತ್ತಿ ಕೊಡುತ್ತವೆ. ಕೇಳಬೇಕಾದ ಪ್ರಶ್ನೆಗಳು ಐದು. ಎಳೆಯಲು ಎಷ್ಟು ಹೊತ್ತು ಹಿಡಿಯಿತು? ಒಂದು ಗೋಡೆಯನ್ನು ಅರ್ಧ ಅಡಿ ಸರಿಸಿದಾಗ ಉಳಿದ ಅಳತೆಗಳು ಸರಿಹೋಗಲು ಎಷ್ಟು ಶ್ರಮವಾಯಿತು? ಕಿಟಕಿ–ಬಾಗಿಲುಗಳ ಪಟ್ಟಿ ತಾನಾಗಿ ದೊರೆಯಿತೇ? ಎಂಜಿನಿಯರರ ಗಣಕಯಂತ್ರದಲ್ಲಿ ಕಡತ ಕೆಡದೆ ತೆರೆಯಿತೇ? ಕೋಣೆಗಳ ಹೆಸರು ಕನ್ನಡದಲ್ಲಿ, ಒತ್ತಕ್ಷರ ಒಡೆಯದೆ ಮುದ್ರಣವಾಯಿತೇ?

ಕೊನೆಯ ಪ್ರಶ್ನೆ ಅಲಂಕಾರಕ್ಕಲ್ಲ. ನಕ್ಷೆಯನ್ನು ಕಟ್ಟಕಡೆಗೆ ಓದುವವರು ಮೇಸ್ತ್ರಿ, ಬಡಗಿ, ಕಬ್ಬಿಣ ಕಟ್ಟುವವರು ಮತ್ತು ಮನೆಯೊಡತಿ. ‘ಪಡಸಾಲೆ’, ‘ದೇವರ ಮನೆ’, ‘ಬಚ್ಚಲು’ ಎಂದು ಬರೆದ ನಕ್ಷೆಯಲ್ಲಿ ತಪ್ಪು ಹಿಡಿಯುವ ಕಣ್ಣುಗಳು ಹೆಚ್ಚುತ್ತವೆ.

ಸಂಘಟಿತ ಪ್ರಯತ್ನ

ಒಬ್ಬೊಬ್ಬರೇ ಚಂದಾ ಕಟ್ಟಿ, ಒಬ್ಬೊಬ್ಬರೇ ಎಡವಿ ಕಲಿಯುವುದಕ್ಕಿಂತ ವರ್ತಕರು ಮತ್ತು ಉದ್ದಿಮೆದಾರರು ಒಗ್ಗೂಡುವುದು ವಿವೇಕ. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ವಾಣಿಜ್ಯ ಮಂಡಲಿಗೆ ಅಡಿಪಾಯ ಹಾಕಿದ್ದೂ ಒಬ್ಬರಿಂದ ಆಗದ್ದನ್ನು ಹಲವರು ಕೂಡಿ ಮಾಡಲೆಂದೇ. ಕೃಷ್ಣರಾಜಪೇಟೆಯಲ್ಲಿ 2007ರಲ್ಲಿ ಆರಂಭವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕೈಗಾರಿಕಾ ತರಬೇತಿ ಸಂಸ್ಥೆಗಳ ವ್ಯವಸ್ಥೆಯಲ್ಲಿ ಸಿವಿಲ್ ನಕ್ಷೆಗಾರಿಕೆಗೆ ಎರಡು ವರ್ಷಗಳ ತರಬೇತಿಯಿದೆ. ರಜಾದಿನಗಳಲ್ಲಿ ಇಂಥ ಸಂಸ್ಥೆಗಳ ಪ್ರಯೋಗಾಲಯವನ್ನು ಶುಲ್ಕ ಕೊಟ್ಟು ಬಳಸಲು ಅನುಮತಿ ಕೋರಬಹುದು. ಆರು ಭಾನುವಾರಗಳ ಶಿಬಿರ ಸಾಕು: ಎರಡು ಭಾನುವಾರ ನಕ್ಷೆ ಓದಲು, ಮೂರು ಭಾನುವಾರ ಮುಕ್ತ ತಂತ್ರಾಂಶದಲ್ಲಿ ಎಳೆಯಲು, ಒಂದು ಭಾನುವಾರ ಮೇಸ್ತ್ರಿಗಳನ್ನು ಕರೆದು ಅವರ ಮುಂದೆ ನಕ್ಷೆಯನ್ನು ಪರೀಕ್ಷಿಸಲು. ಸ್ಥಳೀಯವಾಗಿ ಸಿಗುವ ಇಟ್ಟಿಗೆ, ಬಾಗಿಲು, ಕಿಟಕಿಗಳ ಅಳತೆಗಳನ್ನು ಅಡಿಯಲ್ಲೂ ಮಿಲಿಮೀಟರಿನಲ್ಲೂ ಬರೆದ ಒಂದು ಸಾಮಾನ್ಯ ಕೋಷ್ಟಕವನ್ನು ಆ ಶಿಬಿರವೇ ಸಿದ್ಧಪಡಿಸಿದರೆ, ಹೇಳಿದ ಮೂರು ತಪ್ಪುಗಳಲ್ಲಿ ಹಲವು ಹುಟ್ಟುವ ಮೊದಲೇ ಅಳಿಯುತ್ತವೆ.

ಇದನ್ನು ಮಾಡದಿದ್ದರೆ ಆಗುವುದೇನೆಂಬುದು ಊಹೆಗೆ ಮೀರಿದ್ದಲ್ಲ. ಗಿರಾಕಿ ಮೈಸೂರಿಗೋ ಬೆಂಗಳೂರಿಗೋ ಹೋಗಿ ನಕ್ಷೆ ಮಾಡಿಸುತ್ತಾನೆ. ನಕ್ಷೆಯ ಹಿಂದೆಯೇ ಬಾಗಿಲು, ಕಪಾಟು, ಟೈಲ್ಸಿನ ವ್ಯಾಪಾರವೂ ಹೋಗುತ್ತದೆ. ಮನೆ ಮಾತ್ರ ಇಲ್ಲಿ ಏಳುತ್ತದೆ; ಅದರ ಲಾಭ ಬೇರೆಡೆ ಸೇರುತ್ತದೆ. ಕಬ್ಬು, ಭತ್ತದ ದುಡಿಮೆಯಿಂದ ಕೂಡಿಟ್ಟ ಹಣದಲ್ಲಿ ಮನೆ ಕಟ್ಟುವ ಕುಟುಂಬಕ್ಕೆ ತನ್ನ ಊರಿನಲ್ಲೇ, ತನ್ನ ಭಾಷೆಯಲ್ಲೇ, ಅಳತೆ ತಪ್ಪದ ನಕ್ಷೆ ಸಿಗಬೇಕು. ಅದನ್ನು ಒದಗಿಸಲು ಬೇಕಾದ ತಂತ್ರಾಂಶ ಇಂದು ಕೈಗೆಟುಕುವಂತಿದೆ. ಉಳಿದಿರುವುದು ಟೇಪು ಹಿಡಿದು ಸರಿಯಾಗಿ ಅಳೆಯುವ ಅಭ್ಯಾಸ. ಅದನ್ನು ಯಾವ ಸಂಸ್ಥೆಯೂ ಚಂದಾ ಪಡೆದು ಕೊಡಲಾರದು.